ಬಾಟಲಿಯ ತಳದಲ್ಲಿದ್ದ ಔಷಧಿ

ಕೊರೊನಾ ಗಲಾಟೆ ಮುಗಿದ ಮರುವರ್ಷ. ನಾನಾಗ ಚಿತ್ರದುರ್ಗದ ಒಂದು ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಆಯಾ. ಓದಿದ್ದು ನಾಲ್ಕನೇ ಕ್ಲಾಸು. ಬಾಟಲಿ ತೊಳೆದು ಕುದಿಸುವುದು ನನ್ನ ಕೆಲಸ. ಅಳತೆ, ಲೆಕ್ಕವೆಲ್ಲ ಫಾರ್ಮಸಿಸ್ಟ್ ನಿರ್ಮಲಾ ಮೇಡಂ ಅವರದು.

ಕೆಲವು ಔಷಧಿ ದೊಡ್ಡವರ ಮಾತ್ರೆಯಾಗಿ ಮಾತ್ರ ಸಿಗುತ್ತದೆ. ಹಸುಗೂಸು ಮಾತ್ರೆ ನುಂಗುತ್ತದೆಯೇ? ಮೇಡಂ ಅದನ್ನು ನುಣ್ಣಗೆ ಅರೆದು, ಅಂಟಂಟಾದ ದ್ರವದಲ್ಲಿ ಕಲಸಿ ಬಾಟಲಿಗೆ ತುಂಬುತ್ತಿದ್ದರು. ಇದಕ್ಕೆ ಸಸ್ಪೆನ್ಷನ್ ಅನ್ನುತ್ತಾರೆ. ಪುಡಿ ಕರಗಿರುವುದಿಲ್ಲ, ತೇಲುತ್ತಿರುತ್ತದೆ. ಇಟ್ಟಲ್ಲೇ ಇದ್ದರೆ ತಳ ಸೇರುತ್ತದೆ. ಅದಕ್ಕೇ ಪ್ರತಿ ಸಲ ಅಲ್ಲಾಡಿಸಿ ಕೊಡಬೇಕು.

ಆದಿವಾಲದ ಕಡೆಯ ಕುರಿ ಸಾಕುವವರ ಮನೆಯ ಕೂಸಿಗೆ ಫಿಟ್ಸ್ ಬರುತ್ತಿತ್ತು. ಅದಕ್ಕೆ ಹೀಗೆ ಔಷಧಿ ಮಾಡಿಕೊಟ್ಟಿದ್ದೆವು. ಕೆಲವೇ ದಿನಕ್ಕೆ ಕೂಸು ಮತ್ತೆ ಸೆಟೆದುಕೊಂಡು ವಾರ್ಡಿಗೆ ಬಂತು. ಡಾಕ್ಟರು ಡೋಸ್ ಹೆಚ್ಚಿಸಿ, ಹೊಸ ಬಾಟಲಿಗೆಂದು ತಾಯಿ ಕರಿಯಮ್ಮನನ್ನು ನಮ್ಮ ಕಿಟಕಿಗೆ ಕಳಿಸಿದರು. ತಾವು ಮಾಡಿದ ಔಷಧಿಯೇ ಕೆಟ್ಟಿತೇನೋ ಎಂದು ಮೇಡಂಗೆ ದಿಗಿಲು.

“ಹೆಂಗೆ ಕೊಡ್ತಿದ್ದೆ ಔಷಧಿ?”

“ತಿಳಿ ಬಗ್ಗಿಸಿ ಕೊಡ್ತಿದ್ವಿ ಮೇಡಮ್ಮಾರೇ. ಗಸಿ ಕೂಸಿಗೆ ಆಗಲ್ಲ ಅಂತ ನಮ್ಮತ್ತೆ ಬಾಟ್ಲಿ ಅಲ್ಲಾಡಿಸಾಕೇ ಬಿಡಲ್ಲ.”

ನಮ್ಮ ಕಡೆ ಕಷಾಯ ಕಾಸಿದರೆ ಗಸಿ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಕೂಸಿಗೆ ಕುಡಿಸುವುದು. ನಾನೂ ಮೊಮ್ಮಕ್ಕಳಿಗೆ ಹಾಗೇ ಕುಡಿಸಿದವಳು.

“ಆ ಬಾಟ್ಲಿ ಎಲ್ಲೈತೆ ಈಗ?”

“ವಾರ್ಡಿನಾಗೆ ಅತ್ತೆ ತಾವ ಐತ್ರಿ. ತಿಳಿ ಮುಗ್ದೋತು. ಡಾಕ್ಟ್ರು ಜಾಸ್ತಿ ಕೊಡ್ರಿ ಅಂದ್ರಲ್ಲ, ಉಳಿದಿದ್ನೂ ಕುಡಿಸ್ತೀನಿ ಅಂದ್ರು.”

ಮೇಡಂ ಮುಖದ ಬಣ್ಣ ಇಳಿಯಿತು. ಮೇಲಿನ ತಿಳಿಯಲ್ಲಿ ಔಷಧಿ ಇದ್ದಿದ್ದೇ ಅಷ್ಟಕ್ಕಷ್ಟೆ. ತಳದಲ್ಲಿ ಉಳಿದದ್ದು ಅಷ್ಟೂ ದಿನದ ಔಷಧಿ. ಅದು ಒಂದೇ ಸಲ ಹೊಟ್ಟೆಗೆ ಹೋದರೆ ಕೂಸಿನ ಉಸಿರೇ ನಿಲ್ಲಬಹುದು.

“ಗಂಗಮ್ಮ, ಓಡು!” ಎಂದವರೇ ಡಾಕ್ಟರಿಗೆ ಫೋನ್ ಹಚ್ಚಿದರು.

ಮಂಡಿ ನೋವು ಮರೆತು ಮೆಟ್ಟಿಲು ಹತ್ತಿದೆ. ವಾರ್ಡಿನಲ್ಲಿ ಆ ಮುದುಕಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಸುಣ್ಣದಂಥ ಗಟ್ಟಿಯನ್ನು ಒಳಲೆಗೆ ಬಗ್ಗಿಸಿಕೊಂಡು ಬಾಯಿಗೆ ಹಿಡಿದಿದ್ದಳು. ಕಿತ್ತುಕೊಂಡೆ.

“ಏಯ್, ಯಾವಳೇ ನೀನು? ಕೂಸಿನ ಬಾಯಿಗಿಟ್ಟಿದ್ದು ಕಿತ್ಕಂತೀಯಲ್ಲ, ಮನೇಲಿ ಮಕ್ಳು ಅವೋ ಇಲ್ವೋ?”

“ಅವೆ, ಜೀವಂತಾನೂ ಅವೆ. ಎಷ್ಟು ಕುಡಿಸ್ದೆ, ಅದು ಹೇಳು ಮೊದ್ಲು!”

“ತುಟಿಗೆ ಮುಟ್ಟಿಸ್ದೆ, ಅಷ್ಟೇ.”

ಅಷ್ಟರಲ್ಲಿ ಬಂದ ಡಾಕ್ಟರು ನಂಬಲಿಲ್ಲ, ನಾನೂ ನಂಬಲಿಲ್ಲ. ಸಂಜೆಯವರೆಗೆ ಕೂಸಿನ ಎದೆ ಏಳುವುದನ್ನು ನೋಡುತ್ತ ಸಿಸ್ಟರು ಪಕ್ಕದಲ್ಲೇ ನಿಂತರು. ಹೊತ್ತು ಮುಳುಗುವಾಗ ಅದು ಹಸಿದು ಅತ್ತಿತು. ಡಾಕ್ಟರು ಹೆಚ್ಚಿಸಿದ ಡೋಸನ್ನು ಹೊಡೆದುಹಾಕಿ ಹಳೆಯದನ್ನೇ ಬರೆದರು. ಮೇಡಂ ಹೊಸ ಬಾಟಲಿ ಮಾಡಿ, ಬೆಳಕಿಗೆ ಹಿಡಿದು ಮುದುಕಿಗೆ ತೋರಿಸಿದರು: “ನೋಡವ್ವ, ನೀನು ಗಸಿ ಅಂತೀಯಲ್ಲ, ಅದೇ ಔಷಧಿ.”

“ಇದನ್ನ ಮೊದ್ಲೇ ಬೊಗಳಾಕೆ ಏನಾಗಿತ್ತು ನಿಮಗೆ?” ಅಂದಳು ಮುದುಕಿ.

ಬಾಟಲಿಯ ಮೇಲೆ ಬರೆದಿದ್ದೆವು, ಬಾಯಲ್ಲೂ ಹೇಳಿದ್ದೆವು, ಅಲ್ಲಾಡಿಸಿ ಎಂದು. ಯಾಕೆ ಎಂದು ಹೇಳಿರಲಿಲ್ಲ. ಅವಳು ಉದಾಸೀನ ಮಾಡಿದವಳಲ್ಲ. ಜೋಪಾನ ಮಾಡಲು ಹೋಗಿಯೇ ಕೂಸನ್ನು ಅಪಾಯಕ್ಕೆ ತಂದಿದ್ದಳು. ಉದಾಸೀನದವರನ್ನು ಬೈದು ತಿದ್ದಬಹುದು. ಜೋಪಾನ ಮಾಡುವವರಿಗೆ ಕಾರಣ ಹೇಳಲೇಬೇಕು.