ದೊಡ್ಡಗಂಗಮ್ಮನ ಗಾಳಿಗೆಡ್ಡೆ

ಕದಿರಮ್ಮ ದೊಡ್ಡಗಂಗಮ್ಮನನ್ನು ಮೊದಲು ನೋಡಿದ್ದು ಸಾವಿರದ ಒಂಬೈನೂರ ಮೂವತ್ತಾರರ ಕಾರ್ತಿಕದಲ್ಲಿ, ಮದುವೆಯಾಗಿ ಕ್ಯಾಲನೂರಿಗೆ ಬಂದ ಒಂಬತ್ತನೆಯ ದಿನ. ಪಕ್ಕದ ಹಿತ್ತಲಲ್ಲಿ ಆಳೆತ್ತರ ಮೀರಿದ ಗಿಡಗಳ ನಡುವೆ ಒಬ್ಬ ಹೆಂಗಸು ಮಂಡಿಯೂರಿ ಕೈಯಲ್ಲೇ ಮಣ್ಣು ಕೆದಕುತ್ತಿದ್ದಳು. ತುದಿಯಲ್ಲಿ ಸೂರ್ಯಕಾಂತಿಯಂಥದೇ ಹೂವು, ಆದರೆ ಅಂಗೈಗಿಂತ ಚಿಕ್ಕದು. ಬೇರಿನಲ್ಲಿ ಶುಂಠಿಯ ಹಾಗೆ ಗಂಟುಗಂಟು ಗೆಡ್ಡೆ. ಒಂದನ್ನು ಸೆರಗಿಗೆ ಒರಸಿ ಬೇಲಿಯ ಮೇಲಿಂದ ಕೊಟ್ಟಳು.

"ಒಂದೇ ತಿನ್ನು ಕಣಮ್ಮಿ. ಎರಡು ತಿಂದ್ರೆ ಹೊಟ್ಟೆ ಮಾತಾಡುತ್ತೆ, ನಿಮ್ಮತ್ತೆಗೂ ಕೇಳಿಸುತ್ತೆ."

ದೊಡ್ಡಗಂಗಮ್ಮ ಕೋಲಾರದ ಒಂದು ಬಂಗಲೆಯಲ್ಲಿ ತೋಟದ ಕೆಲಸ ಮಾಡಿದವಳು. ವಿಲಾಯತಿಗೆ ಹೊರಟ ದೊರೆಸಾನಿ ಎಂಟು ಗೆಡ್ಡೆ ಕೊಟ್ಟು ಹೋಗಿದ್ದಳಂತೆ. ತಿಂದವರ ಹೊಟ್ಟೆ ಉಬ್ಬರಿಸಿದ್ದರಿಂದ ಊರು ಅದಕ್ಕೆ ಗಾಳಿಗೆಡ್ಡೆ ಎಂದು ಹೆಸರಿಟ್ಟಿತು. ಪಟೇಲ ಚನ್ನರಾಯಪ್ಪ ಅವಳನ್ನು ಕಂಡಾಗಲೆಲ್ಲ ಮೂಗು ಮುಚ್ಚಿಕೊಳ್ಳುವನು. ಅವಳು ಮಾತ್ರ ಬೆಂದ ನೀರು ಬಸಿದು, ಇಂಗು ಜೀರಿಗೆ ಹಾಕಿ, ಹುಳಿಯನ್ನು ಬಾಯಿ ಚಪ್ಪರಿಸುವಂತೆ ಮಾಡುತ್ತಿದ್ದಳು. ಅವಳಿಗಿದ್ದ ಭಯ ಒಂದೇ. ಈ ಸೀಮೆಯಲ್ಲಿ ಅವಳಿಗೆ ತಿಳಿದಂತೆ ಬೀಜವಿದ್ದದ್ದು ಆ ಒಂದು ಹಿತ್ತಲಲ್ಲಿ. ಅಲ್ಲಿ ಹೋದರೆ ಎಲ್ಲ ಹೋಯಿತು.

ಮರುವರ್ಷ ಅವಳು ಮೂರು ಕಡೆಗೆ ಗೆಡ್ಡೆ ಕಳಿಸಿದಳು. ಶ್ರೀನಿವಾಸಪುರದ ತಂಗಿ ಕೆರೆಯ ಕೆಳಗಿನ ಗದ್ದೆಯಲ್ಲಿ ಹಾಕಿದಳು, ನೀರು ನಿಂತು ಕೊಳೆಯಿತು. ಮಾಲೂರಿನ ತಮ್ಮ ಆವಲಪ್ಪನದು ಇಟ್ಟಿಗೆ ಸುಡುವ ಜಿಗುಟು ಮಣ್ಣು, ಗೆಡ್ಡೆ ಗೋಲಿಯಷ್ಟಾಗಿ ಅದರಲ್ಲೇ ಸಿಕ್ಕಿಬಿತ್ತು. ಮುಳಬಾಗಿಲಿನ ಮಗಳು ಭಾರತಮ್ಮ ಬಂಡೆಯ ಮಗ್ಗುಲಿನ ಗರಸು ಮಣ್ಣಿನಲ್ಲಿ ನೆಟ್ಟಳು, ಗಿಡ ಸೊಂಟದೆತ್ತರಕ್ಕೇ ಬಾಡಿತು. ಕ್ಯಾಲನೂರಿನದನ್ನು ಹೆಗ್ಗಣ ತಿಂದು, ಉಳಿದದ್ದು ಒಂದು ಮೊರ.

ಆ ಸಂಕ್ರಾಂತಿ ಕಳೆದ ಮೇಲೆ ಭಾರತಮ್ಮನ ಮೂರನೆಯ ಬಾಣಂತನಕ್ಕೆ ಹೊರಟ ದೊಡ್ಡಗಂಗಮ್ಮ ಮೊರ ತಂದು ಕದಿರಮ್ಮನ ಮುಂದಿಟ್ಟಳು. "ನಿಮ್ಮನೇಲಿ ಬೆಕ್ಕಿದೆ. ಮುಂಗಾರು ಬರೋವರೆಗೂ ನೋಡ್ಕೊ."

ಕದಿರಮ್ಮ ತವರಲ್ಲಿ ಆಲೂಗಡ್ಡೆ ಬಿತ್ತನೆಯನ್ನು ಹೇಗೆ ಕಾಯುತ್ತಿದ್ದರೋ ಹಾಗೇ ಕಾದಳು. ಒಲೆಯ ಮೇಲಿನ ಅಟ್ಟದಲ್ಲಿ ಒಣ ಮರಳು ಹಾಸಿ, ಒಂದಕ್ಕೊಂದು ತಾಕದಂತೆ ಜೋಡಿಸಿದಳು. ರೋಹಿಣಿ ಮಳೆಗೆ ಎರಡು ದಿನ ಮುಂಚೆ ಇಳಿಸಿ ನೋಡಿದರೆ ಒಂದೊಂದೂ ಉತ್ತುತ್ತೆಯ ಹಾಗೆ ಸುಕ್ಕಿ, ಕೈಗೆ ತೂಕವೇ ಇರಲಿಲ್ಲ. ಯಾರೂ ನೋಡಬಾರದೆಂದು ಬಚ್ಚಲ ನೀರು ಹೋಗುವ ಗುಂಡಿಯ ಅಂಚಿಗೆ ಸುರಿದು, ಮೇಲೆ ಬೂದಿಯನ್ನೂ ರಾಗಿ ಹೊಟ್ಟನ್ನೂ ಎಳೆದಳು.

ಸುರಿದ ಹದಿನೇಳು ದಿನಕ್ಕೆ ದೊಡ್ಡಗಂಗಮ್ಮ ಬಂದಳು. ಕದಿರಮ್ಮ ಏನನ್ನೂ ಮುಚ್ಚಿಡದೆ ಹೇಳಿದಳು. ದೊಡ್ಡಗಂಗಮ್ಮ ಬಟ್ಟೆಯ ಗಂಟನ್ನು ಜಗಲಿಯ ಮೇಲಿಟ್ಟಳು.

ಆಮೇಲೆ ಕೇಳಿದಳು. "ಎಲ್ಲಿ ಸುರಿದೆ, ತೋರಿಸು."

ಬೂದಿಯನ್ನು ಒಡೆದುಕೊಂಡು ಏಳು ಮೊಳಕೆ ನಿಂತಿದ್ದವು, ಒಂದೊಂದೂ ಬೆರಳುದ್ದ.

ದೊಡ್ಡಗಂಗಮ್ಮ ಅಲ್ಲೇ ಕುಕ್ಕರಿಸಿ ಕೂತು, ಒಂದನ್ನು ಬಿಡಿಸಿ ನೋಡಿ ನಕ್ಕಳು. "ಆಲೂಗಡ್ಡೆಗೆ ದಪ್ಪ ಅಂಗಿ ಐತೆ ಕಣೇ, ಇದು ಬರೀಮೈ. ಒಣಗಿದ್ರೆ ತಡ್ಕೊಳ್ಳಲ್ಲ. ಒದ್ದೆ ಕೊಟ್ಟೆ, ಎದ್ದು ಕೂತ್ಕೊಂತು."

ಅಲ್ಲಿಂದ ದಾರಿ ತಿಳಿಯಿತು. ಬೇಸಗೆಯಲ್ಲಿ ಬಿತ್ತನೆಯನ್ನು ಒದ್ದೆ ಮರಳಿನ ಮಡಕೆಯಲ್ಲಿಟ್ಟು, ಬಾಯಿಗೆ ಹೆಂಚು ಮುಚ್ಚಿ, ನೀರಿನ ತೊಟ್ಟಿಯ ಪಕ್ಕದಲ್ಲಿಡುವುದು. ಶ್ರೀನಿವಾಸಪುರದಲ್ಲಿ ಗದ್ದೆ ಬಿಟ್ಟು ಬದುವಿನ ಮೇಲೆ. ಮಾಲೂರಿನ ಜಿಗುಟಿಗೆ ಸಮಸಮ ಮರಳೂ ಬೂದಿಯೂ. ಮುಳಬಾಗಿಲಿನ ಗರಸಿಗೆ ಬಚ್ಚಲ ನೀರು ತಿರುಗಿಸಿ, ಬುಡಕ್ಕೆ ಒಣ ಹುಲ್ಲು. ಆ ಏಳು ಗಿಡ ಕೊಟ್ಟ ಬಿತ್ತನೆಯೊಂದಿಗೆ ಇವನ್ನು ಹೇಳಲು ದೊಡ್ಡಗಂಗಮ್ಮ ಮೂರೂ ಊರಿಗೆ ತಾನೇ ಹೋದಳು. ಮಡಕೆ ಹೊತ್ತವಳು ಕದಿರಮ್ಮ. ನಾಲ್ಕನೆಯ ವರ್ಷಕ್ಕೆ ಮೂರು ಕಡೆಯೂ ಮೊರಗಟ್ಟಲೆ ಬಂತು.

ಯುದ್ಧದ ಕಾಲಕ್ಕೆ ಅಂಗಡಿಯಲ್ಲಿ ಅಕ್ಕಿ ಅಳೆದಳೆದು ಕೊಡುವಂತಾದಾಗ, ಚನ್ನರಾಯಪ್ಪ ಖಾಲಿ ಬುಟ್ಟಿ ಹಿಡಿದು ಬೇಲಿಯ ಹತ್ತಿರ ಬಂದ. ದೊಡ್ಡಗಂಗಮ್ಮ ಬುಟ್ಟಿ ತುಂಬಿಸಿದಳು. "ಮೂಗು ಮುಚ್ಕೊಂಡೇ ತಗೊಂಡೋಗಿ ಪಟೇಲ್ರೇ," ಎಂದಳು. ಅವನೂ ನಕ್ಕ. ಆ ವರ್ಷ ಊರಿನ ಮೂವತ್ತೊಂದು ಹಿತ್ತಲಲ್ಲಿ ಹಳದಿ ಹೂವು. ಕದಿರಮ್ಮ ಎಣಿಸಿದ್ದಳು.

ನಲವತ್ತೆಂಟನೆಯ ಇಸವಿಯ ಹೊತ್ತಿಗೆ ದೊಡ್ಡಗಂಗಮ್ಮನಿಗೆ ಕಣ್ಣು ಹೋಗಿತ್ತು, ಹಾಸಿಗೆ ಹಿಡಿದಿದ್ದಳು. ಕದಿರಮ್ಮ ಅವಳ ಅಂಗೈಯಲ್ಲಿ ಒಂದೊಂದೇ ಗೆಡ್ಡೆ ಇಟ್ಟಳು. ಅವಳು ಹೆಬ್ಬೆರಳಲ್ಲಿ ತಡವಿ ಯಾವ ಊರಿನದೆಂದು ಹೇಳಿದಳು. ನುಣುಪಾಗಿ ಉದ್ದವಿದ್ದದ್ದು ಶ್ರೀನಿವಾಸಪುರದ್ದು. ಕಲ್ಲು ಒತ್ತಿ ತಗ್ಗು ಬಿದ್ದದ್ದು ಮುಳಬಾಗಿಲಿನದು. ಗಂಟಿನ ಸಂದಿಯಲ್ಲಿ ಮಣ್ಣು ಬಿಡದೆ ಇದ್ದದ್ದು ಆವಲಪ್ಪನ ಮಾಲೂರಿನದು. ಒಂದೂ ತಪ್ಪಲಿಲ್ಲ. ಮೂರನ್ನೂ ಎದೆಯ ಮೇಲೆ ಸಾಲಾಗಿ ಇಟ್ಟುಕೊಂಡು ಮತ್ತೆ ಅಂಗೈ ಚಾಚಿದಳು.

"ನಿನ್ನ ಬಚ್ಚಲದ್ದೆಲ್ಲೇ, ತರಲಿಲ್ವಾ?"