ಲಗಮವ್ವ ಕೆಂಪು ಬಳಿದ ಜಾಲಿ

ನಾಗನೂರಿನ ಕುರಿಗಾಹಿ ಲಗಮವ್ವ ತನ್ನ ಕುರಿಗಳನ್ನು ಎಂದೂ ಎಣಿಸುತ್ತಿರಲಿಲ್ಲ. ಸಂಜೆ ಹಿಂಡಿನ ಮುಂದೆ ನಿಂತು ಒಮ್ಮೆ ಕಣ್ಣಾಡಿಸಿದರೆ ಸಾಕು, ಯಾವುದು ಬಂದಿಲ್ಲವೆಂದು ಹೇಳಿಬಿಡುತ್ತಿದ್ದಳು. ನಾನೋ ಗೋಕಾಕದ ಮಾಸ್ತರ. ವಸಂತ ಬಂತೆಂದರೆ ಭಾನುವಾರಗಳಂದು ದುರ್ಬೀನು, ನೋಟ್‌ಬುಕ್ಕು ಹಿಡಿದು ಧುಪದಾಳದ ಹಿನ್ನೀರಿಗೆ ಹೋಗಿ ಹಕ್ಕಿ ಎಣಿಸುವುದು ನನ್ನ ಹುಚ್ಚು.

“ಎಣಸಬ್ಯಾಡ್ರಿ ಮಾಸ್ತರ, ದೃಷ್ಟಿ ಆಕ್ಕೈತಿ. ಮಾರಿ ನೋಡ್ರಿ, ಮಾರಿ,” ಎಂದು ಗದರುತ್ತಿದ್ದಳು. ಕೊಕ್ಕರೆಗೆ ಎಂಥ ಮುಖ ಎಂದು ನಾನು ನಕ್ಕಿದ್ದೆ. ಮರುವಾರ ಅವಳೇ ಕೇಳಿದಳು: “ಕಾಲು ಸೊಟ್ಟ ಇದ್ದದ್ದು ಇನ್ನೂ ಬಂದಿಲ್ಲ, ಗೊತ್ತಾತೇನ್ರಿ?” ವರ್ಷಗಟ್ಟಲೆ ದುರ್ಬೀನು ಹಿಡಿದ ನನಗೆ ಅಂಥದೊಂದು ಹಕ್ಕಿ ಇರುವುದೇ ಗೊತ್ತಿರಲಿಲ್ಲ.

ನೀರಂಚಿನ ದೊಡ್ಡ ಜಾಲಿಯಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಇದೇ ಕಾಲಕ್ಕೆ. ಮೇವು ಸಾಲದೆ ಕುರಿಗಾಹಿಗಳು ಜಾಲಿಯ ಟೊಂಗೆ ಕಡಿಯುವುದೂ ಇದೇ ಕಾಲಕ್ಕೆ. ಒಂದು ಬೆಳಿಗ್ಗೆ ಲಗಮವ್ವ, ತನ್ನ ಕುರಿಗಳ ಬೆನ್ನಿಗೆ ಗುರುತಿಗೆಂದು ಹಚ್ಚುವ ಕೆಂಪು ಬಣ್ಣವನ್ನು ಆ ಮರದ ಬೊಡ್ಡೆಗೂ ಬಳಿದಳು. ಒಬ್ಬರು ಗುರುತು ಹಾಕಿದ ಗಿಡಕ್ಕೆ ಇನ್ನೊಬ್ಬರು ಕೊಡಲಿ ಹಚ್ಚುವುದಿಲ್ಲ, ಅದು ಅವರೊಳಗಿನ ಕಟ್ಟು. ಪಕ್ಕದ ಹಿಂಡಿನ ಸಿದ್ದಪ್ಪನ ಪಿತ್ತ ನೆತ್ತಿಗೇರಿತು.

“ಇಷ್ಟ ದೊಡ್ಡ ಗಿಡ ನಿನಗೊಬ್ಬಾಕಿಗೇ ಬೇಕೇನಬೇ?”

“ನನಗ್ಯಾಕೋ? ಮ್ಯಾಲೆ ಬಾಣಂತ್ಯಾರು ಅದಾರ. ಅವರು ಎದ್ದು ಹೋಗೂತನಾ ನಾನೂ ಮುಟ್ಟೂದಿಲ್ಲ.”

ಮುಟ್ಟಲೂ ಇಲ್ಲ. ತನ್ನ ಕುರಿಗಳಿಗೆ ದೂರದಿಂದ ತಲೆಮೇಲೆ ಸೊಪ್ಪು ಹೊತ್ತು ತಂದಳು. ಆದರೂ ಸಿದ್ದಪ್ಪ ಅವಳ ಜೊತೆ ಮಾತು ಬಿಟ್ಟ.

ಹೋದ ಚಳಿಗಾಲದಲ್ಲಿ ಲಗಮವ್ವ ತೀರಿಕೊಂಡಳು. ಮರದ ಮೇಲಿನ ಗುರುತು ಅಷ್ಟರಲ್ಲಾಗಲೇ ಮಳೆಗೆ ಮಾಸಿತ್ತು. ಹೊಸದಾಗಿ ಹಚ್ಚೋಣವೆಂದರೆ, ಒಂದು ಕುರಿಯೂ ಇಲ್ಲದ ನನ್ನ ಗುರುತಿಗೆ ಯಾರು ಬೆಲೆ ಕೊಡುತ್ತಾರೆ? ಈ ವಸಂತದ ಮೊದಲ ಭಾನುವಾರ, ಮರ ಬೋಳಾಗಿರುತ್ತದೆಂದು ಅಳುಕುತ್ತಲೇ ಹೋದೆ.

ಬೊಡ್ಡೆಯ ಮೇಲಿನ ಕೆಂಪು ಇನ್ನೂ ಹಸಿಯಾಗಿತ್ತು. ನೆರಳಲ್ಲಿ ಸಿದ್ದಪ್ಪ ಕೂತಿದ್ದ, ಬೆರಳೆಲ್ಲ ಕೆಂಪು.

“ನಿನ್ನ ಕುರಿದು ನೀಲಿ ಗುರುತಲ್ಲೇನೋ?” ಎಂದೆ.

“ಗಿಡ ಅಕೀದೈತಲ್ರಿ ಮಾಸ್ತರ,” ಎಂದ.

ಮೇಲೆ ಗೂಡುಗಳಲ್ಲಿ ಒಂದೇ ಗದ್ದಲ. ನೋಟ್‌ಬುಕ್ಕನ್ನು ಚೀಲದಲ್ಲೇ ಬಿಟ್ಟು ಒಂದೊಂದೇ ಮುಖ ನೋಡುತ್ತ ಅವನ ಪಕ್ಕ ಕೂತೆ. ಬಿಸಿಲೇರುವ ಹೊತ್ತಿಗೆ ಸೊಟ್ಟಗಾಲಿನದೂ ಕಡ್ಡಿ ಕಚ್ಚಿಕೊಂಡು ಬಂದಿಳಿಯಿತು.

“ಎಲ್ಲಾರೂ ಬಂದ್ರೇನ್ರಿ?” ಸಿದ್ದಪ್ಪ ಕೇಳಿದ.

“ಒಬ್ಬಾಕಿ ಬಿಟ್ಟು,” ಎಂದೆ.