ನವಲಕೋಲಿನ ಬಟಾಟಿ ಪಲ್ಯ

ಸಂತೆಯಲ್ಲಿ ಎರಡೇ ಎರಡು ಬಟಾಟಿ ಕೇಳಿ ನೋಡಿ, ಲೋಕದಲ್ಲಿ ನಿಮ್ಮ ಮಾನ ಎಷ್ಟೆಂಬುದು ಆ ಗಳಿಗೆಯಲ್ಲೇ ತಿಳಿದುಹೋಗುತ್ತದೆ. ಎರಡು ನಿಂಬೆಹಣ್ಣು ಕೇಳಬಹುದು, ಎರಡು ತೆಂಗಿನಕಾಯಿ ಕೇಳಬಹುದು, ಒಂದೇ ಒಂದು ಕುಂಬಳಕಾಯಿ ಕೇಳಿದರೂ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಬಟಾಟಿ, ಪೇಟೆಯವರ ಆಲೂಗಡ್ಡೆ, ಸಮುದಾಯಜೀವಿ, ಅದು ರಾಶಿಯಾಗಿ ತಕ್ಕಡಿಗೆ ಬಿದ್ದರೇ ಅದಕ್ಕೂ ಮಾರುವವರಿಗೂ ಸಮಾಧಾನ. ನಮ್ಮ ಸವದತ್ತಿ ಸಂತೆಗೆ ಕಾಯಿಪಲ್ಯ ತರುವ ಮನೋಳಿಯ ಗಂಗವ್ವ ಪ್ರತಿ ವಾರವೂ ನನ್ನನ್ನು ಕೆಕ್ಕರಿಸಿ ನೋಡಿ, "ಎರಡ ಬಟಾಟಿ ಯಾರ ಹಲ್ಲಿಗೆ ಹತ್ತತಾವ್ರೀ ಬಾಯಾರ?" ಎನ್ನುತ್ತಾಳೆ. ನನಗೆ ಸಕ್ಕರೆ ರೋಗವೆಂದೂ ಬಟಾಟಿ ನನಗೆ ವರ್ಜ್ಯವೆಂದೂ ಅವಳಿಗೆ ಗೊತ್ತು, ಓಣಿಗೆಲ್ಲ ಗೊತ್ತು. ಹೀಗಿದ್ದೂ ನಾಲ್ಕು ನವಲಕೋಲಿನ ಜೊತೆಗೆ ಎರಡು ಬಟಾಟಿಯನ್ನು ಚೀಲಕ್ಕೆ ಹಾಕಿಕೊಳ್ಳುವ ಮುದುಕಿಯನ್ನು ಕಂಡರೆ, ಇವಳು ಕದ್ದು ತಿನ್ನುತ್ತಾಳೆಂದು ಯಾರಾದರೂ ತಿಳಿದಾರು. ಗಂಗವ್ವನೂ ಹಾಗೆಯೇ ತಿಳಿದಿದ್ದಾಳೆ. ಉತ್ತರ ಉದ್ದವಾದ್ದರಿಂದ ನಾನು ನಕ್ಕು ಚೀಲ ಎತ್ತಿಕೊಳ್ಳುತ್ತೇನೆ. ನಿಮಗಾದರೆ ತಕ್ಕಡಿ ಹಿಡಿಯುವ ಅವಸರವಿಲ್ಲ, ಕೂತುಕೊಳ್ಳಿ, ಹೇಳುತ್ತೇನೆ.

ಸ್ವಾತಂತ್ರ್ಯ ಬಂದ ಎರಡು ವರ್ಷಕ್ಕೆ ನಾನು ಬೈಲಹೊಂಗಲದಿಂದ ಈ ಮನೆಗೆ ಸೊಸೆಯಾಗಿ ಬಂದೆ. ಯಜಮಾನರಿಗೆ ಬೆಳಗಾವಿಯ ಕಚೇರಿಯೊಂದರಲ್ಲಿ ನೌಕರಿ. ಹದಿನೈದು ದಿನಕ್ಕೊಮ್ಮೆ ಬಂದುಹೋಗುವ ಅತಿಥಿ. ಹೀಗಾಗಿ ನನ್ನ ಸಂಸಾರವೆಂದರೆ ಅತ್ತೆ, ಮಾವ ಮತ್ತು ಒಲೆ. ಮಾವನವರು ಕನ್ನಡ ಸಾಲಿಯ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಮಾತಿಗೆ ಮುಂಚೆ ಒಂದು ಶ್ಲೋಕ, ಶ್ಲೋಕಕ್ಕೆ ಮುಂಚೆ ಒಂದು ಚಿಟಿಕೆ ನಶ್ಯ. ಷಡ್ರಿಪುಗಳಲ್ಲಿ ಐದನ್ನು ಗೆದ್ದು ಆರನೆಯದರ ಜಾಗದಲ್ಲಿ ಬಟಾಟಿಯನ್ನು ಕೂರಿಸಿಕೊಂಡ ವಿರಕ್ತರು ಅವರು. ಹಸಿಮೆಣಸಿನಕಾಯಿ, ಇಂಗು, ಕರಿಬೇವಿನ ಒಗ್ಗರಣೆಯ ಬಟಾಟಿ ಪಲ್ಯ ಎಲೆಯ ಮೇಲೆ ಬಿತ್ತೆಂದರೆ ವೇದಾಂತವೆಲ್ಲ ಬದಿಗೆ ಸರಿಯುತ್ತಿತ್ತು. "ಹ್ವಾದ ಜನ್ಮದಾಗ ಹೆಗ್ಗಣ ಆಗಿದ್ರೇನೋ ಬಿಡವಾ, ಬಟಾಟಿ ಹೊಲದಾಗಿಂದು" ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಆದರೆ ಹದವಾಗಿ ಬೆಂದ ಹೋಳುಗಳನ್ನು ಆರಿಸಿ ಅವರ ಎಲೆಗೇ ಬಡಿಸುತ್ತಿದ್ದರು.

ನಾನು ಬಂದ ಮರುವರ್ಷ ಮಾವನವರಿಗೆ ವಿಪರೀತ ನೀರಡಿಕೆ ಹತ್ತಿತು, ಮೈ ಇಳಿಯಿತು. ಧಾರವಾಡದ ಡಾಕ್ಟರರು ಪರೀಕ್ಷೆ ಮಾಡಿ, ಸಕ್ಕರೆ ಬಿಡಬೇಕು, ಅನ್ನ ಬಿಡಬೇಕು, ಬಟಾಟಿಯ ಸುದ್ದಿಗೇ ಹೋಗಬಾರದು ಎಂದರು. ಮಾವನವರು ಸಕ್ಕರೆಯನ್ನು ಅಂದೇ ಬಿಟ್ಟರು. ಅನ್ನವನ್ನು ಬಿಟ್ಟು ಒಂದೂವರೆ ರೊಟ್ಟಿಗೆ ಬಂದರು. ಮೂರನೆಯದಕ್ಕೆ ಮಾತ್ರ, "ಎರಡ ಬಿಟ್ಟೇನಿ, ಇನ್ನ ಒಂದರ ಸಲುವಾಗಿ ನನ್ನ ಜೀವಾ ತಿನಬ್ಯಾಡ್ರಿ. ವಾರಕ್ಕ ಎರಡ ಸರೆ ಬಟಾಟಿ ಪಲ್ಯ ಬೇಕ ಬೇಕು" ಎಂದು ಹಟ ಹಿಡಿದರು. ಗಂಡನಿಗೆ ಎದುರಾಡಿ ಗೊತ್ತಿಲ್ಲದ ಅತ್ತೆ ಹಿತ್ತಲಿಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಬಟಾಟಿ ಅಲ್ಲದ್ದನ್ನ ಬಟಾಟಿ ಮಾಡ್ಲಿಕ್ಕೆ ಬರ್ತದೇನ ನಿನಗ?" ಎಂದು ಕೇಳಿದರು. ಬೈಲಹೊಂಗಲದಲ್ಲಿ ನಾನು ಕಲಿತ ವಿದ್ಯೆಗಳಲ್ಲಿ ಅದೊಂದು ಇರಲಿಲ್ಲ. ಆದರೂ ಬರುತ್ತದೆ ಎಂದೆ, ಅವರು ಅಳುತ್ತಿದ್ದರಲ್ಲ.

ಹೀಗೆ ಆರಂಭವಾಯಿತು ನನ್ನ ರಸಾಯನವಿದ್ಯೆ. ಮೊದಲು ಮೂಲಂಗಿಯನ್ನು ಹಿಡಿದೆ. ಅದು ಬೇಯುವ ಮೊದಲೇ ತನ್ನ ಹೆಸರನ್ನು ಓಣಿಯ ಆಚೆ ತುದಿಗೂ ಸಾರಿತು. ಕುಂಬಳಕಾಯಿ ನೀರಾಗಿ ಹರಿದು ಸಾರಾಯಿತು. ನಾಚಿಕೆಯಿಲ್ಲದೆ ಸಾರೆಂದೇ ಬಡಿಸಿದೆ. ಹೂಕೋಸಿನ ದಂಟು ಸ್ವಲ್ಪ ಆಸೆ ಹುಟ್ಟಿಸಿ ಕೊನೆಗೆ ನಾರು ತೋರಿಸಿತು. ಅಷ್ಟರಲ್ಲಿ ಸಂತೆಗೆ ಆ ವರ್ಷದ ಮೊದಲ ನವಲಕೋಲು ಬಂತು. ಪೇಟೆಯ ನಾಜೂಕು ಜನ ನವಿಲುಕೋಸು ಎನ್ನುವ ಹಸಿರು ಚೆಂಡಿನಂಥ ಗಡ್ಡೆ ಅದು. ಸಿಪ್ಪೆಯನ್ನು ದಪ್ಪಗೆ ಹೆರೆದು, ಹೋಳು ಮಾಡಿ, ಉಪ್ಪು ಹಾಕಿ ಬೇಯಿಸಿ, ಬಟ್ಟೆಯಲ್ಲಿ ಕಟ್ಟಿ ನೀರು ಹಿಂಡಿದೆ. ನಾಲ್ಕು ಹೋಳನ್ನು ಕಿವುಚಿ ಮುದ್ದೆ ಮಾಡಿ ಉಳಿದವಕ್ಕೆ ಬೆರೆಸಿ, ಮೇಲೆ ಒಂದು ಚಿಟಿಕೆ ಪುಠಾಣಿ ಹಿಟ್ಟು, ಅಂದರೆ ಹುರಿಗಡಲೆಯ ಪುಡಿ, ಉದುರಿಸಿ, ಅದೇ ಒಗ್ಗರಣೆ, ಅದೇ ಅರಿಷಿಣ, ಅದೇ ನಿಂಬೆಹಣ್ಣು. ಅತ್ತೆ ಒಂದು ಹೋಳು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಕಣ್ಣುಮುಚ್ಚಿ ನಿಂತು, "ನಶ್ಯಾ ಏರಿಸೋ ಮೂಗಿಗೆ ಇಷ್ಟ ಸಾಕು" ಎಂದು ತೀರ್ಪು ಕೊಟ್ಟರು.

ಮೋಸಕ್ಕೆ ಪಾಕಶಾಸ್ತ್ರವೊಂದೇ ಸಾಲದು, ರಂಗಸಜ್ಜಿಕೆಯೂ ಬೇಕು. ಅದು ಅತ್ತೆಯವರ ವಿಭಾಗ. ನವಲಕೋಲಿನ ಸಿಪ್ಪೆ ಮತ್ತು ಎಲೆಗಳು ಬೆಳಗಾಗುತ್ತಲೇ ಓಣಿಯ ಆಕಳ ಹೊಟ್ಟೆ ಸೇರುತ್ತಿದ್ದವು. ಅವರು ಎರಡು ನಿಜವಾದ ಬಟಾಟಿಯನ್ನು ಹೆರೆದು, ಆ ಸಿಪ್ಪೆಯನ್ನು ಬುಟ್ಟಿಯಲ್ಲಿ ಹರವಿ, ಮಾವನವರು ಬಚ್ಚಲಿಗೆ ಹೋಗುವ ದಾರಿಯಲ್ಲಿ, ಅಡುಗೆಮನೆಯ ಹೊಸ್ತಿಲ ಬದಿಗೆ ಇಡುತ್ತಿದ್ದರು. ಆ ಎರಡು ಬಟಾಟಿ ಹಾಲು ತರುವ ಹೆಂಗಸಿನ ಪಾಲು. ಬೇಸಿಗೆಯಲ್ಲಿ ನವಲಕೋಲು ಸಿಗದ ತಿಂಗಳುಗಳಲ್ಲಿ ಬಟಾಟಿಯೂ ಸಂತೆಗೆ "ಬಂದಿರಲಿಲ್ಲ". ಮಾವನವರು ಬಟಾಟಿ ಬೆಳೆಯುವ ರೈತರ ಆಲಸ್ಯವನ್ನು ಕುರಿತು ಹಳಹಳಿಸುತ್ತಿದ್ದರು, ನಾವಿಬ್ಬರೂ ತಲೆಯಾಡಿಸುತ್ತಿದ್ದೆವು. ಅತ್ತೆ-ಸೊಸೆ ಒಂದಾಗುವುದು ಲೋಕದಲ್ಲಿ ಅಪರೂಪ ಅನ್ನುತ್ತಾರೆ. ಮೂರನೆಯವರಿಗೆ ಸುಳ್ಳು ಹೇಳಲು ಕೂಡಿಸಿ ನೋಡಬೇಕು.

ಒಂದು ತೊಡಕಿತ್ತು, ಏಕಾದಶಿ. ನಮ್ಮ ಮನೆಯ ಉಪವಾಸದ ಫರಾಳಕ್ಕೆ ಕಾಯಿಪಲ್ಯವೆಲ್ಲ ನಿಷಿದ್ಧ, ಆದರೆ ಬಟಾಟಿ ನಡೆಯುತ್ತದೆ. ಸಮುದ್ರದಾಚೆಯಿಂದ ಬಂದ ಗಡ್ಡೆಗೆ ಈ ಪವಿತ್ರತೆಯನ್ನು ಯಾವ ಋಷಿ ದಯಪಾಲಿಸಿದನೋ ನಾನರಿಯೆ. ಮಾವನವರು ಎಂಟನೆಯ ವಯಸ್ಸಿಗೆ ಮುಂಜಿಯಾದಂದಿನಿಂದ ಒಂದು ಏಕಾದಶಿಯನ್ನೂ ಕೆಡಿಸಿದವರಲ್ಲ, ಜ್ವರದಲ್ಲೂ ಕೆಡಿಸಿದವರಲ್ಲ. ಆದ್ದರಿಂದ ಆ ಒಂದು ದಿನ ಮಾತ್ರ ಅತ್ತೆ ನಿಜವಾದ ಬಟಾಟಿಯನ್ನೇ, ಮುಷ್ಟಿಯಷ್ಟು, ದೇವರ ಮೇಲೆ ಭಾರ ಹಾಕಿ ಬಡಿಸುತ್ತಿದ್ದರು.

ಹೀಗೇ ವರ್ಷ ದಾಟಿತು. ಮರುವರ್ಷದ ಕಾರ್ತಿಕ ಏಕಾದಶಿಗೆ ಅತ್ತೆ ಊರಲ್ಲಿರಲಿಲ್ಲ. ಅವರ ಅಕ್ಕನಿಗೆ ಕಾಯಿಲೆಯೆಂದು ರಾಮದುರ್ಗಕ್ಕೆ ಹೋಗಿದ್ದರು. ಮಾವನವರ ಎಡಗಾಲಿನ ಹೆಬ್ಬೆರಳಿಗೆ ಕಲ್ಲು ತಾಗಿ ಆಗಿದ್ದ ಗಾಯ ಮೂರು ವಾರವಾದರೂ ಮಾಯ್ದಿರಲಿಲ್ಲ. ಹಿಂದಿನ ವಾರವಷ್ಟೇ ಡಾಕ್ಟರರು ಗದರಿಸಿ, ಇನ್ನು ಬಾಯಿ ಕಟ್ಟದಿದ್ದರೆ ಬೆರಳು ತೆಗೆಯಬೇಕಾದೀತು ಎಂದಿದ್ದರು. ನನ್ನೆದುರು ಎರಡು ಬುಟ್ಟಿಗಳಿದ್ದವು. ಒಂದರಲ್ಲಿ ಮಾವನವರ ವ್ರತ, ಇನ್ನೊಂದರಲ್ಲಿ ಅವರ ಬೆರಳು. ಕೇಳೋಣವೆಂದರೆ ಅತ್ತೆಯಿಲ್ಲ, ಯಜಮಾನರಿಲ್ಲ. ದೇವರನ್ನು ಕೇಳಿದರೆ ಅವನು ಯಾವತ್ತಿನಂತೆ ಸುಮ್ಮನೆ ನಿಂತಿದ್ದ. ಕೊನೆಗೆ ನವಲಕೋಲನ್ನೇ ಹೆರೆದೆ. ಪುಠಾಣಿ ಉಪವಾಸಕ್ಕೆ ನಡೆಯದೆಂದು ಶೇಂಗಾ ಪುಡಿ ಹಾಕಿದೆ, ಸಾಸಿವೆ ನಡೆಯದೆಂದು ಜೀರಿಗೆ ಹಾಕಿದೆ. ಮಾಡುವ ಪಾಪಕ್ಕೆ ಮಡಿಯಲ್ಲಿ ಕೊರತೆಯಾಗಬಾರದಲ್ಲ! ಬಟಾಟಿ ಸಿಪ್ಪೆಯ ಬುಟ್ಟಿಯನ್ನೂ ಮರೆಯದೆ ಹೊಸ್ತಿಲಿಗಿಟ್ಟೆ. ಮಾವನವರು ಬಂದು ಕೂತರು. ಮೊದಲ ತುತ್ತಿಗೆ ಒಂದು ಕ್ಷಣ ಅವರ ಕೈ ನಿಂತಿತು. ನನ್ನ ಜೀವವೂ ನಿಂತಿತು. ಆಮೇಲೆ ತಲೆಯೆತ್ತದೆ, "ಛಲೋ ಆಗ್ಯದವಾ, ಇನ್ನಷ್ಟ ಹಾಕು" ಎಂದರು.

ಮರುದಿನ ದ್ವಾದಶಿ. ಬೆಳಿಗ್ಗೆ ಬೇಗ ಪಾರಣೆಯಾಗಬೇಕೆಂದು ಸ್ನಾನ ಮಾಡಿ ಅಡುಗೆಯೆಲ್ಲ ಮುಗಿಸಿದೆ. ನಾನು ಮಾತ್ರ ಉಣ್ಣಬಾರದೆಂದು ಹಿಂದಿನ ದಿನವೇ ನಿಶ್ಚಯಿಸಿದ್ದೆ. ಅವರ ಕೆಟ್ಟ ಏಕಾದಶಿಗೆ ನನ್ನ ಒಂದು ಉಪವಾಸ ಪ್ರಾಯಶ್ಚಿತ್ತ. ಎಲೆ ಹಾಕಿ ಕರೆದರೆ ಮಾವನವರು ದೇವರ ಮುಂದೆ ಒಂದು ಉದ್ಧರಣೆ ತೀರ್ಥ ತೆಗೆದುಕೊಂಡು, ಪಾರಣೆ ಆಯಿತು, ಹೊಟ್ಟೆ ಸರಿಯಿಲ್ಲ, ನೀ ಉಣ್ಣು ಎಂದು ಪಡಸಾಲೆಗೆ ಹೋಗಿ ಕೂತರು. ನನಗೂ ಹಸಿವೆಯಿಲ್ಲ ಎಂದೆ. ರೊಟ್ಟಿ, ಹುಳಿ, ಪಲ್ಯ ಎಲ್ಲವೂ ಒಲೆಯ ಬದಿಗೆ ಅನಾಥವಾಗಿ ಆರುತ್ತಿದ್ದವು. ಇಬ್ಬರು ಹಸಿದವರು ಒಂದೇ ಮನೆಯಲ್ಲಿ ಒಂದೇ ದಿನ ಹಸಿವೆಯಿಲ್ಲವೆಂದು ಸುಳ್ಳು ಹೇಳುತ್ತ ಕೂತರೆ ಎಷ್ಟು ಹೊತ್ತು ಕೂರಲಾದೀತು? ಬಿಸಿಲು ಹೊಸ್ತಿಲು ದಾಟುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. ಕಂಬ ಹಿಡಿದು ನಿಂತು, "ಮಾವಾರ, ನಿನ್ನಿ ಪಲ್ಯ ಬಟಾಟಿದಲ್ರಿ. ನಿಮ್ಮ ಏಕಾದಶಿ ನಾ ಕೆಡಿಸಿದೆ" ಎಂದು ಅತ್ತುಬಿಟ್ಟೆ.

ಮಾವನವರು ನಶ್ಯದ ಡಬ್ಬಿಯನ್ನು ಮುಚ್ಚಿ ಮಗ್ಗುಲಿಗಿಟ್ಟರು. "ಗೊತ್ತದವಾ" ಎಂದರು. "ಬಟಾಟಿ ಗಂಟಲದಾಗ ಕೂಡ್ತದ, ನೀರ ಬೇಡ್ತದ. ವರ್ಷದ ಮ್ಯಾಲಾತು, ಏಕಾದಶಿ ಬಿಟ್ಟರ ಪಲ್ಯ ತಿನ್ನೋ ಮುಂದ ನಾ ಒಮ್ಮೆರೆ ತಂಬಗಿ ಮುಟ್ಟೇನೇನು? ನೀವಿಬ್ಬರೂ ನನ್ನ ಮೂಗ ನೋಡಿದ್ರಿ, ತಂಬಗಿ ನೋಡಲಿಲ್ಲ."

ಹಾಗಾದರೆ ನಿನ್ನೆ ಯಾಕೆ ಉಂಡಿರಿ, ವ್ರತ ಕೆಡುತ್ತದೆಂದು ಗೊತ್ತಿದ್ದೂ ಯಾಕೆ ಇನ್ನಷ್ಟು ಹಾಕಿಸಿಕೊಂಡಿರಿ ಎಂದು ಕೇಳಿದೆ. ಅವರು ಗಾಯದ ಕಾಲನ್ನು ನಿಧಾನಕ್ಕೆ ಚಾಚಿಕೊಂಡರು.

"ಎಲಿ ಬಿಟ್ಟು ಎದ್ದಿದ್ರ ನೀ ಎದಿ ಒಡಕೊಂಡು ಸಾಯತಿದ್ದಿ. ಏಕಾದಶಿ ಹದಿನೈದ ದಿನಕ್ಕ ಮತ್ತ ಬರ್ತದ. ಆಕಿ ಬೆಳಗ್ಗೆದ್ದು ನನಗ ಕಾಣೂಹಂಗ ಸಿಪ್ಪಿ ಹರವ್ತಾಳಲ್ಲಾ, ಅದನ್ನ ನೋಡಿ ನೋಡಿ ನಾ ಉಣ್ಣತೇನಿ. ನಲವತ್ತ ವರ್ಷದಾಗ ಆಕಿ ನನಗ ಹೇಳಿದ್ದು ಇದೊಂದ ಸುಳ್ಳು. ನನಗ ಗೊತ್ತದ ಅಂತ ಆಕಿಗೆ ಹೇಳಬ್ಯಾಡ. ಆಣಿ ಮಾಡು."

ಆಣೆ ಮಾಡಿದೆ. ಅವರು ಎದ್ದು ಬಂದು, ತಾವೇ ಇನ್ನೊಂದು ಎಲೆ ಹಾಕಿ, ನನ್ನನ್ನು ಕೂರಿಸಿ, ಎದುರಿಗೆ ತಾವೂ ಕೂತರು. ಆರಿದ ಹುಳಿ ಅಷ್ಟು ರುಚಿಯಾಗಿದ್ದುದನ್ನು ನಾನು ಮತ್ತೆಂದೂ ಕಾಣಲಿಲ್ಲ. ಗಾಯ ಮಾಯ್ದು ಬೆರಳು ಉಳಿಯಿತು. ರಾಮದುರ್ಗದಿಂದ ಬಂದ ಅತ್ತೆ ನನ್ನನ್ನು ಒಳಗೆ ಕರೆದು, ಏಕಾದಶಿಗೆ ಏನು ಮಾಡಿದೆ ಎಂದು ಕೇಳಿದರು. ಬಟಾಟಿಯನ್ನೇ ಮಾಡಿದೆ ಎಂದೆ. ಒಂದು ಮೋಸದೊಳಗೆ ಇನ್ನೊಂದು ಮೋಸ. ಅಂದಿನಿಂದ ನಾನು ಎರಡೂ ಪಕ್ಷದ ಗೂಢಚಾರಳಾದೆ. ಆಮೇಲಿನ ಏಕಾದಶಿಗಳಿಗೆ ಮಾವನವರು "ವಯಸ್ಸಾತು, ಬಟಾಟಿ ಜಡ" ಎಂದು ಮಜ್ಜಿಗೆಗೆ ಬಂದುಬಿಟ್ಟರು, ಅತ್ತೆ ಅಚ್ಚರಿಪಟ್ಟು ದೇವರಿಗೆ ತುಪ್ಪದ ದೀಪ ಹಚ್ಚಿದರು. ಉಳಿದ ದಿನ ಸಿಪ್ಪೆ ಹರವುವುದು ನಡೆದೇ ಇತ್ತು. ಮಾವನವರು ಬಚ್ಚಲಿಗೆ ಹೋಗುವಾಗ ಬುಟ್ಟಿಯೆದುರು ನಿಂತು, "ಓಹೋ, ಇವತ್ತ ಬಟಾಟಿ!" ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ಒಳಗೆ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ನಾನು ಇಬ್ಬರನ್ನೂ ನೋಡುತ್ತಿದ್ದೆ. ಆ ಮುಂಜಾನೆಗಳಲ್ಲಿ ಒಂದನ್ನು ಯಾರಾದರೂ ಹಿಂದಕ್ಕೆ ಕೊಡುವುದಾದರೆ ನನ್ನಲ್ಲಿರುವುದೆಲ್ಲವನ್ನೂ ಕೊಟ್ಟೇನು.

ಅದಾದ ಮೇಲೆ ಆರೇಳು ವರ್ಷ ಇದ್ದು, ಒಂದು ಮಾಘಮಾಸದಲ್ಲಿ ಮಾವನವರು ಹೋದರು. ವರ್ಷಾಂತಿಕಕ್ಕೆ ಅಡುಗೆ ಮಾಡಲು ಕೂತಾಗ ನನಗೆ ಹೊಳೆಯಿತು: ಶ್ರಾದ್ಧಕ್ಕೆ ಬಟಾಟಿಯೂ ನಡೆಯುವುದಿಲ್ಲ, ನವಲಕೋಲೂ ನಡೆಯುವುದಿಲ್ಲ. ಬಾಳೆಕಾಯಿ, ಹಾಗಲಕಾಯಿ ಮಾಡಿ ಬಡಿಸಿದೆವು. ಅವರ ಹೆಸರಿನ ಎಲೆಯ ಮೇಲೆ ಅವರಿಗೆ ಬೇಕಾದುದೊಂದೂ ಇರಲಿಲ್ಲ. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅತ್ತೆ ಅಡುಗೆಮನೆಯಲ್ಲಿ ನವಲಕೋಲು ಹೆರೆಯುತ್ತಿದ್ದರು. ಎರಡು ಬಟಾಟಿಯ ಸಿಪ್ಪೆ ಬುಟ್ಟಿಯಲ್ಲಿ, ಬುಟ್ಟಿ ಹೊಸ್ತಿಲ ಬದಿಗೆ, ಅದೇ ಜಾಗದಲ್ಲಿ. ನಾನು ನೋಡುತ್ತ ನಿಂತದ್ದನ್ನು ಕಂಡು, "ಇರಲಿ ಬಿಡವಾ, ಕಂಡ್ರ ಅವರಿಗೆ ಸಮಾಧಾನ" ಎಂದರು. ಮತ್ತೆ, ಮಾಸಿದ ಮುಖದಲ್ಲಿ ಸ್ವಲ್ಪ ಹೆಮ್ಮೆ ತಂದುಕೊಂಡು, "ಪಾಪ, ಕಡೀತನಕಾ ಗೊತ್ತಾಗಲಿಲ್ಲ ನೋಡು ಅವರಿಗೆ" ಎಂದರು.

"ಇಲ್ರಿ ಅತ್ತಿ, ಗೊತ್ತಾಗಲಿಲ್ಲ" ಎಂದೆ.

ಈಗ ಅತ್ತೆಯೂ ಇಲ್ಲ. ನನಗೆ ಸಕ್ಕರೆ ಬಂದಿದೆ, ಸೊಸೆ ಬಂದಿದ್ದಾಳೆ. ಸೊಸೆ ಬಹಳ ಒಳ್ಳೆಯವಳು, ಎಂದೂ ನನಗೆ ಸುಳ್ಳು ಹೇಳುವುದಿಲ್ಲ. ನವಲಕೋಲಿನ ಪಲ್ಯವನ್ನು ಎಲೆಗೆ ಹಾಕುತ್ತ, "ಇದು ನವಲಕೋಲ ನೋಡ್ರಿ ಅತ್ತಿ, ನಿಮ್ಮ ಸಕ್ಕರಿಗೆ ಛಲೋ" ಎಂದು ಹೆಸರು ಹೇಳಿಯೇ ಬಡಿಸುತ್ತಾಳೆ. ಅದೇ ಒಗ್ಗರಣೆಯನ್ನು ನಾನೇ ಕಲಿಸಿದ್ದೇನೆ, ಅದೇ ನಿಂಬೆಹಣ್ಣು, ಬಟ್ಟೆಯಲ್ಲಿ ಹಿಂಡುವುದನ್ನೂ ಬಿಟ್ಟಿಲ್ಲ. ಆದರೂ ಅದು ನವಲಕೋಲಾಗಿಯೇ ಉಳಿಯುತ್ತದೆ. ನನ್ನ ಸಲುವಾಗಿ ಇಷ್ಟು ಕಷ್ಟಪಟ್ಟು ಸುಳ್ಳು ಹೇಳುವವರು ಇನ್ನು ಯಾರೂ ಇಲ್ಲವಲ್ಲ ಎಂದು ಒಮ್ಮೊಮ್ಮೆ ತುತ್ತು ಗಂಟಲಲ್ಲಿ ನಿಲ್ಲುತ್ತದೆ. ತಂಬಗಿಗೆ ಕೈ ಹಾಕುತ್ತೇನೆ.

ಮೊನ್ನೆಯ ಸಂತೆಯಲ್ಲಿ ಗಂಗವ್ವ ಎರಡು ಬಟಾಟಿಯನ್ನು ನನ್ನ ಚೀಲಕ್ಕೆ ಹಾಕುತ್ತ, ಈ ಸಲ ಬಿಡುವುದಿಲ್ಲವೆಂಬಂತೆ ಕೈ ಹಿಡಿದು ನಿಲ್ಲಿಸಿದಳು. "ಖರೇ ಹೇಳ್ರಿ ಬಾಯಾರ, ಈ ಎರಡ ಬಟಾಟಿ ಯಾತಕ್ಕ?"

"ಸಿಪ್ಪಿಗೆ" ಎಂದೆ.